ದವಾಖಾನೆಗೆಲ್ಲ ಸಂಬಂಧ ಹಚ್ಚಿದಾಕೆ

ಗೋಡೆಯ ಗಡಿಯಾರಕ್ಕೂ ಬಚ್ಚಲಮನೆಯ ಬಕೆಟ್ಟಿಗೂ ಏನು ಸಂಬಂಧ ಎಂದು ನೀವು ಯಾರನ್ನಾದರೂ ಕೇಳಿದರೆ ಅವರು ನಿಮ್ಮನ್ನು ಒಂದು ಥರ ನೋಡಿ ದೂರ ಸರಿದು ಕೂತಾರು. ಆಕೆಯನ್ನು ಕೇಳಿದರೆ ಹಾಗಾಗುವುದಿಲ್ಲ. ಎರಡು ನಿಮಿಷ ಕಣ್ಣು ಕಿರಿದು ಮಾಡಿ, ಬೆರಳು ಮಡಚಿ, "ಗಡಿಯಾರ ಕೊಲ್ಲಾಪುರದಾಗ ತಂದದ್ದು, ಬಕೆಟ್ಟ ಇಚಲಕರಂಜ್ಯಾಗ. ಎರಡೂ ಪಂಚಗಂಗಾ ಹೊಳಿ ದಂಡಿಯವು. ಅಂದಮ್ಯಾಲ ಗಡಿಯಾರ ಬಕೆಟ್ಟಿಗೆ ಸೋದರಮಾವ ಆಗಬೇಕ ನೋಡ್ರಿ" ಎಂದು ತೀರ್ಪು ಕೊಟ್ಟುಬಿಡುತ್ತಾಳೆ. ತೀರ್ಪಿನ ಮೇಲೆ ಅಪೀಲು ಇಲ್ಲ.

ಆಕೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದಕ್ಕೊಂದು ಕಾರಣವಿದೆ. ಕೊನೆಗೆ ಹೇಳುತ್ತೇನೆ, ಅಲ್ಲಿಯತನಕ ಸ್ವಲ್ಪ ಪೇಷನ್ಸ್ ಇರಲಿ.

ಅಥಣಿಗೂ ಕಾಗವಾಡಕ್ಕೂ ನಡುವಿನ ರಸ್ತೆಯ ಬದಿಗೆ ಐವತ್ತು ಹಾಸಿಗೆಗಳ ಒಂದು ಆಸ್ಪತ್ರೆ. ಅಲ್ಲಿಗೆ ನಾನು ಮೇಟ್ರನ್ ಆಗಿ ಬಂದಾಗ ಹೊಸ ಶತಮಾನ ಆಗಷ್ಟೇ ಕಣ್ಣು ಬಿಟ್ಟಿತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ಬೆಳೆದು, ಅಲ್ಲೇ ನರ್ಸಿಂಗ್ ಕಲಿತು, ಅಲ್ಲೇ ಇಪ್ಪತ್ತು ಚಿಲ್ಲರೆ ವರ್ಷ ದುಡಿದವಳು ನಾನು. ಡಿಸಿಪ್ಲಿನ್, ಪಂಕ್ಚುಯಾಲಿಟಿ, ಕ್ಲೀನ್ಲಿನೆಸ್ ಎಂಬ ಮೂರು ದೇವರನ್ನು ಟ್ರಂಕಿನಲ್ಲಿ ಹೊತ್ತು ತಂದಿದ್ದೆ. ನನ್ನ ಕನ್ನಡವಾದರೂ ಆಗ ಇಂಗ್ಲಿಷಿನ ಬೆರಳು ಹಿಡಿಯದೆ ರಸ್ತೆ ದಾಟುತ್ತಿರಲಿಲ್ಲ. ಈಗಲೂ ಅಷ್ಟೇ ಅನ್ನಿ.

ಮೊದಲ ದಿನ ಹಾಜರಿ ಪುಸ್ತಕ ಹಿಡಿದು ಕಾರಿಡಾರಿನಲ್ಲಿ ನಿಂತೆ. ಹೆರಿಗೆ ವಾರ್ಡಿನ ಹಿರಿಯ ನರ್ಸಿನ ಹೆಸರು ಓದಿ ಗಟ್ಟಿಯಾಗಿ ಕರೆದೆ. ಯಾರೂ ಬರಲಿಲ್ಲ. ಇನ್ನೊಮ್ಮೆ ಕರೆದೆ. ಎಕ್ಸ್‌ರೇ ಕೋಣೆಯ ಹುಡುಗ ತಲೆ ಹೊರಗೆ ಹಾಕಿ, "ಆ ಹೆಸರಿನ ಪೇಶಂಟ್ ಯಾರೂ ಇಲ್ರಿ ಮ್ಯಾಡಮ್, ಡಿಸ್ಚಾರ್ಜ್ ಆಗಿರಬೇಕು" ಎಂದ. ಹನ್ನೆರಡು ವರ್ಷದಿಂದ ಜೊತೆಗೆ ದುಡಿಯುತ್ತಿದ್ದ ಕಂಪೌಂಡರನಿಗೂ ಅದು ಯಾರ ಹೆಸರೆಂದು ಗೊತ್ತಿರಲಿಲ್ಲ. ಮೂರನೇ ಕೂಗಿಗೆ ಹೆರಿಗೆ ವಾರ್ಡಿನ ಬಾಗಿಲಲ್ಲಿ ಬಿಳಿ ಸೀರೆಯ, ಕುಳ್ಳಗಿನ, ದುಂಡನೆಯ ಹೆಂಗಸೊಬ್ಬಳು ಬಂದು ನಿಂತಳು. ನಿದ್ದೆಯಿಂದ ಯಾರೋ ಎಬ್ಬಿಸಿದಂತಿತ್ತು ಮುಖ.

"ನನ್ನ ಕರದ್ರ್ಯಾ?"

"ನಿಮ್ಮ ಹೆಸರು ಇದೇ ತಾನೆ?"

"ಹೌದ್ರಿ, ಇದ. ಭಾಳ ವರ್ಷ ಆಗಿತ್ತು ಕೇಳಿ. ನಮ್ಮಣ್ಣ ಬಂದಾನೋ ಏನೋ ಅನಕೊಂಡ್ನಿ."

ಆಮೇಲೆ ಸುಧಾರಿಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿ ವಿಚಾರಣೆ ಶುರು ಮಾಡಿದಳು. ಯಾರು ಯಾರಿಗೆ ಮೇಲಧಿಕಾರಿ ಎಂಬುದು ಆ ಗಳಿಗೆಯಲ್ಲಿ ನನಗೇ ಮರೆತುಹೋಯಿತು.

"ನಿಮ್ಮೂರ ಯಾವುದ್ರಿ?"

"ಬೆಳಗಾವಿ."

"ಬೆಳಗಾವ್ಯಾಗ ಯಾರ ಪೈಕಿ?"

"ನಾನು ಇಲ್ಲಿಯ ಮೇಟ್ರನ್. ಅಷ್ಟು ಸಾಕು."

"ಹುದ್ದೆ ಕೇಳಲಿಲ್ರಿ. ತವರ ಕೇಳಿದ್ನಿ."

"ಲೆಟ್ ಅಸ್ ಬಿ ಪ್ರೊಫೆಷನಲ್" ಎಂದೆ. ಆ ವಾಕ್ಯವನ್ನು ಬಸ್ಸಿನಲ್ಲೇ ರೆಡಿ ಮಾಡಿಕೊಂಡು ಬಂದಿದ್ದೆ.

"ಆತ್ರಿ, ಗಡಿಬಿಡಿ ಏನಿಲ್ಲ. ನಿಮ್ಮ ಜಾಗಾ ಖಾಲಿ ಇಡತೀನಿ" ಎಂದು ಆಕೆ ಒಳಗೆ ಹೋದಳು.

ಯಾವ ಜಾಗ ಎಂದು ವಾರದೊಳಗೆ ತಿಳಿಯಿತು. ಆ ಆಸ್ಪತ್ರೆಯಲ್ಲಿ ನೌಕರರು ಎಂಬ ಪ್ರಾಣಿಗಳೇ ಇರಲಿಲ್ಲ. ಇದ್ದವರೆಲ್ಲ ನೆಂಟರು! ಹೊಸದಾಗಿ ಯಾರೇ ಕೆಲಸಕ್ಕೆ ಸೇರಲಿ, ಈಕೆ ಅವರನ್ನು ಕೂರಿಸಿಕೊಂಡು ಊರು, ಅಜ್ಜಿಯ ಊರು, ಅಜ್ಜಿಯ ತಂಗಿಯನ್ನು ಕೊಟ್ಟ ಊರು ಎಲ್ಲ ಕೆದಕಿ ಒಂದು ಎಳೆ ಹಿಡಿದು ಎಳೆಯುತ್ತಿದ್ದಳು. ಎಳೆ ಸಿಗದಿದ್ದರೆ ನೂಲುತ್ತಿದ್ದಳು. ಮೈಸೂರು ಸೀಮೆಯ ಮಕ್ಕಳ ಡಾಕ್ಟರು ರಾಯಬಾಗದಲ್ಲಿ ಬಾಡಿಗೆ ಮನೆ ಹಿಡಿದದ್ದೇ ತಡ, "ರಾಯಬಾಗ ನಮ್ಮ ನಾದಿನೀನ ಕೊಟ್ಟ ಊರು" ಎಂದು ಅವರನ್ನು ಅಳಿಯನನ್ನಾಗಿ ಮಾಡಿಕೊಂಡಳು. "ಅಳ್ಯಾರ, ಈ ಕೂಸಿನ ಹೊಟ್ಟಿ ಸ್ವಲ್ಪ ಮುಟ್ಟಿ ನೋಡ್ರಿ" ಎಂದರೆ ಎಂಡಿ ಮಾಡಿದ ಆ ಮನುಷ್ಯ ನಾಚಿ ಕೆಂಪಾಗುತ್ತಿದ್ದರು. ಆಂಬ್ಯುಲೆನ್ಸ್ ಡ್ರೈವರ್ ಆಗಿದ್ದ ಹಾರೂಗೇರಿಯ ಸಾಬರು ಈಕೆಗೆ ಅಣ್ಣ. ಕೇರಳದ ನರ್ಸಿನ ಕಥೆಯಂತೂ ಕೇಳಲೇಬೇಡಿ.

"ನೀ ಬಂದ ರೇಲ್ವೆ ಮಿರಜದಾಗ ನಿಂತಿತ್ತಿಲ್ಲೋ?"

ಹುಡುಗಿಗೆ ಕನ್ನಡ ಬಾರದು. ಮಿರಜ ಎಂಬುದಷ್ಟೇ ತಿಳಿದು ತಲೆಯಾಡಿಸಿದಳು.

"ಮಿರಜದಾಗ ನಮ್ಮ ಮಾವನ ಮನಿ ಐತಿ. ಮಾವನ ಮನಿ ಹಾದ ಬಂದಾಕಿ ಮಾವನ ಮಗಳ. ಬಾ, ಭಕ್ಕರಿ ತಿನ್ನು."

ಹೀಗಾಗಿ ಒಬ್ಬಳೇ ಹೆಂಗಸು ಒಂದೇ ಕಾರಿಡಾರಿನಲ್ಲಿ ಅತ್ತೆ, ಕಾಕು, ವೈನಿ, ಚಿಗವ್ವ, ತಂಗೆವ್ವ ಎಲ್ಲವೂ ಆಗಿದ್ದಳು. ಒಮ್ಮೆ ಜಿಲ್ಲೆಯಿಂದ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಸಿಬ್ಬಂದಿಯ ಕೆಲಸ ಕಂಡು ಖುಷಿಯಾಗಿ, ಇದನ್ನೆಲ್ಲ ಯಾರು ಕಲಿಸಿದರು ಎಂದು ಒಬ್ಬೊಬ್ಬರನ್ನೇ ಕೇಳಿದರು. ಲ್ಯಾಬಿನ ಹುಡುಗಿ "ಅತ್ತಿ ಕಲಿಸ್ಯಾರ್ರಿ" ಎಂದಳು. ಕಂಪೌಂಡರ್ "ಕಾಕು" ಎಂದ. ಕೇರಳದವಳು "ವೈನಿ" ಎಂದಳು, ಆಯಾ "ತಂಗೆವ್ವ" ಎಂದಳು. ಅಧಿಕಾರಿ ನಾಲ್ಕನ್ನೂ ಬರೆದುಕೊಂಡು ನನ್ನ ಕಡೆ ತಿರುಗಿ, "ಇಷ್ಟು ಸಣ್ಣ ಆಸ್ಪತ್ರೆಯಲ್ಲಿ ನಾಲ್ವರು ಅನುಭವಿ ಹಿರಿಯರು! ನಾಲ್ವರನ್ನೂ ಕರೆಯಿರಿ, ಅಭಿನಂದಿಸಬೇಕು" ಎಂದರು. ಕರೆದೆ. ಒಬ್ಬಳು ಬಂದಳು, ಕೈಯಲ್ಲಿ ಬೆಡ್‌ಪ್ಯಾನ್.

ಎಲ್ಲರಿಗೂ ಸಂಬಂಧವಿತ್ತು, ನನಗೊಬ್ಬಳಿಗೆ ಇರಲಿಲ್ಲ. ನಾನು ಬರೀ ಮ್ಯಾಡಮ್. ಅದರಿಂದ ನನಗೇನೂ ಬೇಜಾರಿರಲಿಲ್ಲ ಎಂದು ಬರೆಯಬೇಕೆಂದಿದ್ದೆ. ಬೇಡ, ಈ ವಯಸ್ಸಿನಲ್ಲಿ ಸುಳ್ಳು ಯಾಕೆ? ನಾನು ವಾರ್ಡಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಫ್ಯಾನಿನ ಸದ್ದು ಕೇಳಿಸುತ್ತಿತ್ತು.

ನನ್ನ ಮತ್ತು ಆಕೆಯ ನಡುವಿನ ಮಹಾಯುದ್ಧ ನಡೆದದ್ದು ಸೂರ್ಯನ ವಿಷಯದಲ್ಲಿ. ಆಕೆ ಶೇಡಬಾಳದ ಜೈನರ ಮನೆಯ ಸೊಸೆ. ಹೊತ್ತು ಮುಳುಗಿದ ಮೇಲೆ ಬಾಯಿಗೆ ತುತ್ತು ಇಡುವಂತಿಲ್ಲ. ಹಾಗಾಗಿ ದಿನಾ ಸಂಜೆ ಹೆರಿಗೆ ವಾರ್ಡಿನ ಹಿಂದಿನ ಪಡಸಾಲೆಯ ಬೆಂಚಿನ ಮೇಲೆ ಆಕೆಯ ಡಬ್ಬಿ ಬಿಚ್ಚಿಕೊಳ್ಳುತ್ತಿತ್ತು. ಉಳ್ಳಾಗಡ್ಡಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಆದರೂ ಜೋಳದ ಭಕ್ಕರಿ, ಕಾಳಿನ ಪಲ್ಯ, ಹಿಂಡಿ ಎಂಬ ಶೇಂಗಾ ಚಟ್ನಿಪುಡಿಯ ವಾಸನೆಗೆ ಆಸ್ಪತ್ರೆಯ ಅರ್ಧ ಜನ ಅಲ್ಲಿರುತ್ತಿದ್ದರು. ಅದೇ ಅವರ ಡ್ಯೂಟಿ ಹ್ಯಾಂಡಿಂಗ್ ಓವರ್! ಚಳಿಗಾಲದಲ್ಲಿ ಅದು ಐದೂವರೆಗೆ, ಬೇಸಿಗೆಯಲ್ಲಿ ಆರೂವರೆಗೆ. ಮೋಡ ಕವಿದ ದಿನ ಯಾರಿಗೂ ತಿಳಿಯದು. ಇಂಥದೊಂದು ಟೈಮ್‌ಟೇಬಲ್ ಅನ್ನು ಯಾವ ಮೇಟ್ರನ್ ಸಹಿಸಿಯಾಳು?

ಒಮ್ಮೆ ಕಂಬದ ಮರೆಯಲ್ಲಿ ನಿಂತು ಕೇಳಿದೆ. ಭಕ್ಕರಿ ಮುರಿಯುತ್ತ ಆಕೆ ಹೇಳುತ್ತಿದ್ದಳು.

"ಮೂರನೇ ಕಾಟಿನ ಬಾಣಂತಿ ನೋವ ನುಂಗತಾಳ, ಅತ್ತಿ ಮುಂದ ಬಾಯಿ ಬಿಡೂದಿಲ್ಲ. ಅತ್ತೀನ ಚಹಾಕ್ಕ ಕಳಿಸಿ ಕೇಳು. ಹಳೇ ಸ್ಟರಿಲೈಸರ್ ಮುಳ್ಳ ಸುಳ್ಳ ಹೇಳತೈತಿ, ಹತ್ತ ಮಿನಿಟ ಜಾಸ್ತಿ ಇಡು. ಮತ್ತ ದೊಡ್ಡ ಡಾಕ್ಟರ ಗದ್ದಕ್ಕ ಕೈ ಹಚ್ಚಿ 'ನೋಡೋಣು' ಅಂದ್ರ ಏನ ಮಾಡಬೇಕು?"

ಹೊಸ ಹುಡುಗಿ, ಮಂಗಸೂಳಿಯವಳು, ಬಾಯಲ್ಲಿ ತುತ್ತಿಟ್ಟುಕೊಂಡೇ, "ಕಾಯಬೇಕ್ರಿ" ಎಂದಳು.

"ಹುಚ್ಚಿ. ಮಿರಜದ ದೊಡ್ಡ ದವಾಖಾನಿಗೆ ಒಯ್ಯಾಕ ಗಾಡಿ ತಯಾರ ಮಾಡಬೇಕು."

ಇಷ್ಟನ್ನೂ ಕೇಳಿ ನನಗೆ ಬಂದದ್ದು ಬುದ್ಧಿಯಲ್ಲ, ಸಿಟ್ಟು. ಇದನ್ನೆಲ್ಲ ಬಾಯಲ್ಲಿ ಹೇಳುವುದೇ? ವೇರ್ ಈಸ್ ದ ರೆಕಾರ್ಡ್? ಮರುದಿನ ಆರ್ಡರ್ ಹಾಕಿದೆ. ಡ್ಯೂಟಿ ಬದಲಾಗುವುದು ರಾತ್ರಿ ಸರಿಯಾಗಿ ಎಂಟಕ್ಕೆ, ಒಂದು ರಿಜಿಸ್ಟರಿನಲ್ಲಿ, ಇಂಗ್ಲಿಷಿನಲ್ಲಿ, ಸಹಿಯೊಂದಿಗೆ. ಪಡಸಾಲೆಯಲ್ಲಿ ಗುಂಪು ಕೂಡುವಂತಿಲ್ಲ. ಹೆರಿಗೆ ಕೋಣೆಯಲ್ಲಿ ಆಯಾಗಳು ಕೇಳದ ಹೊರತು ಮಾತಾಡುವಂತಿಲ್ಲ. ಡ್ಯೂಟಿಯಲ್ಲಿ ಅತ್ತೆ, ಕಾಕು, ವೈನಿ ನಿಷೇಧ.

ಆಕೆ ಆರ್ಡರನ್ನು ಪೂರ್ತಿ ಓದಿದಳು. ಜಗಳ ಆಡಲಿಲ್ಲ. "ಆತ್ರಿ" ಎಂದು ಒಬ್ಬಳೇ ಕೂತು ಉಂಡಳು.

ರಿಜಿಸ್ಟರ್ ಬಹಳ ಚೆಂದ ನಡೆಯಿತು. ನೂರು ಪುಟಗಳಲ್ಲೂ ಒಂದೇ ವಾಕ್ಯ: ಆಲ್ ಓಕೆ. ದಿನಾ ಎಂಟಕ್ಕೆ ಎಲ್ಲರೂ ಸಾಲಾಗಿ ನಿಂತು ಆಲ್ ಓಕೆ ಬರೆದು ಸಹಿ ಹಾಕುತ್ತಿದ್ದರು. ಜಗತ್ತಿನ ಅತ್ಯಂತ ಆರೋಗ್ಯವಂತ ಆಸ್ಪತ್ರೆ ನಮ್ಮದಾಗಿತ್ತು.

ಹೀಗೆ ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ. ಆಕೆ ರಜೆಯಲ್ಲಿದ್ದಳು. ಲೇಡಿ ಡಾಕ್ಟರು ಆಪರೇಷನ್ ಕೋಣೆಯಲ್ಲಿ ಇನ್ನೊಂದು ಕೇಸಿನಲ್ಲಿದ್ದರು. ಹೆರಿಗೆ ಕೋಣೆಯಲ್ಲಿ ಮಂಗಸೂಳಿಯ ಹುಡುಗಿ ಮತ್ತು ನಾನು. ಕೂಸು ಹುಟ್ಟಿತು, ಅಳಲಿಲ್ಲ. ಒರೆಸಿದೆವು, ಬೆನ್ನು ತಿಕ್ಕಿದೆವು, ಬಾಯಿ ಮೂಗು ಸ್ವಚ್ಛ ಮಾಡಿದೆವು. ಅಳಲಿಲ್ಲ. ಉಸಿರು ಕೊಡಲು ಬ್ಯಾಗ್ ಎತ್ತಿಕೊಂಡೆ. ಅದಕ್ಕೆ ಸಿಕ್ಕಿಸಿದ್ದು ದೊಡ್ಡವರ ಮಾಸ್ಕ್, ಕೂಸಿನ ಮುಖಕ್ಕಿಂತ ದೊಡ್ಡದು. ಕೂಸಿನ ಸಣ್ಣ ಮಾಸ್ಕ್ ಟ್ರೇಯಲ್ಲಿ ಇರಲಿಲ್ಲ. ನನ್ನ ಲಿಸ್ಟಿನ ಪ್ರಕಾರ ಅದು ಟ್ರೇಯಲ್ಲಿತ್ತು, ಸಹಿ ಕೂಡ ಇತ್ತು.

"ವೇರ್ ಈಸ್ ದ ಮಾಸ್ಕ್?" ಎಂದು ಕೂಗಿದೆ. ಯಾರನ್ನು ಕೇಳಿದೆನೋ ದೇವರಿಗೇ ಗೊತ್ತು. ಬಾಗಿಲಲ್ಲಿ ವಯಸ್ಸಾದ ಆಯಾ ನಿಂತಿದ್ದಳು. ಅವಳ ತುಟಿ ಒಮ್ಮೆ ಅಲುಗಿತು. ನನ್ನ ಮುಖ ನೋಡಿ ಮತ್ತೆ ಮುಚ್ಚಿತು. ಅವಳಿಗೆ ಇಂಗ್ಲಿಷ್ ಬಾರದು, ನನ್ನ ಆರ್ಡರ್ ಮಾತ್ರ ಚೆನ್ನಾಗಿ ಬರುತ್ತಿತ್ತು.

ಆಗ ಮಂಗಸೂಳಿಯ ಹುಡುಗಿ, ಎರಡು ತಿಂಗಳಿಂದ ನನ್ನೆದುರು ಯೆಸ್ ಮ್ಯಾಡಮ್ ಬಿಟ್ಟು ಬೇರೆ ಮಾತಾಡದವಳು, ಆಯಾಳ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದಳು.

"ಚಿಗವ್ವಾ, ಕೂಸಿನ ಮಾಸ್ಕ್ ಎಲ್ಲೈತಿ?"

ಒಂದು ಕ್ಷಣ ಕೂಡ ಆಗಲಿಲ್ಲ. "ಕಪಾಟಿನ ತಳದ ಖಾನ್ಯಾಗ ಐತವ್ವಾ, ಸ್ಟೀಲ್ ಡಬ್ಬ್ಯಾಗ. ಮ್ಯಾಲಿಟ್ರ ಬ್ಯಾರೆ ವಾರ್ಡಿನವ್ರು ಒಯ್ದ ಕಳೀತಾರಂತ ನಿಮ್ಮತ್ತಿ ಅಲ್ಲೆ ಇಟ್ಟಾಳ" ಎನ್ನುತ್ತ ಆಯಾ ತಾನೇ ಓಡಿ ತಂದಳು. ಹುಡುಗಿ ಸಿಕ್ಕಿಸಿದಳು, ನಾನು ಒತ್ತಿದೆ. ಒಂದು, ಎರಡು, ಮೂರು. ಎಷ್ಟೋ ಹೊತ್ತಿನ ಮೇಲೆ ಕೂಸು ಬೆಕ್ಕಿನ ಮರಿಯಂತೆ ಮಿಯಕ್ ಎಂದಿತು. ಆಮೇಲೆ ಇಡೀ ಆಸ್ಪತ್ರೆಗೆ ಕೇಳುವಂತೆ ನನ್ನನ್ನು ಬೈಯತೊಡಗಿತು. ನ್ಯಾಯವಾಗಿಯೇ ಬೈಯಿತು.

ಮರುದಿನ ಸಂಜೆ ಪಡಸಾಲೆಗೆ ಹೋದೆ. ಆಕೆ ಒಬ್ಬಳೇ ಡಬ್ಬಿ ಬಿಚ್ಚಿ ಕೂತಿದ್ದಳು. ನಾನು ಆರ್ಡರ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕೆ ಇಟ್ಟೆ. ಆಕೆ ಅದರ ಮೇಲೆ ಹಿಂಡಿ ಹಾಕಿಕೊಂಡಳು.

"ಮಾಸ್ಕ್ ಅಲ್ಲಿದೆ ಎಂದು ನನಗೆ ಯಾಕೆ ಯಾರೂ ಹೇಳಲಿಲ್ಲ?"

"ನಿಮಗ ಏನಂತ ಕರದ ಹೇಳಬೇಕ್ರಿ? ಮ್ಯಾಡಮ್‌ಗೆ ಕೇಳಿದ್ದಕ್ಕ ಉತ್ತರಾ ಕೊಡತಾರ. ಕೇಳದ್ದ ಹೇಳಬೇಕಂದ್ರ ಅತ್ತೀನೋ ಚಿಗವ್ವನೋ ಆಗಿರಬೇಕು. ಗೊತ್ತಿಲ್ಲ ಅಂತ ಒಪ್ಪಗೋಳಾಕ ಪರರ ಮುಂದ ನಾಚಿಕಿ ಬರತೈತ್ರಿ. ಮನಿಯವ್ರ ಮುಂದ ಎಂಥಾ ನಾಚಿಕಿ?"

ಆಮೇಲೆ ಭಕ್ಕರಿಯ ಒಂದು ಚೂರು ಡಬ್ಬಿಯ ಮುಚ್ಚಳದಲ್ಲಿ ಇಟ್ಟು ನನ್ನ ಕಡೆ ಸರಿಸಿ, ಮೊದಲ ದಿನದ ಪ್ರಶ್ನೆಯನ್ನೇ ತೆಗೆದಳು. "ಈಗರ ಹೇಳ್ರಿ. ಬೆಳಗಾವ್ಯಾಗ ಯಾರ ಪೈಕಿ?"

ಹೇಳಿದೆ. ಕಾನ್ವೆಂಟಿಗೆ ನಾನು ಹೋಗಿ ಸೇರಿದ್ದಲ್ಲ, ಅಲ್ಲಿಯ ಮೆಟ್ಟಿಲ ಮೇಲೆ ನನ್ನನ್ನು ಯಾರೋ ಬಿಟ್ಟು ಹೋಗಿದ್ದರು. ಹೆಸರು ಸಿಸ್ಟರ್‌ಗಳು ಇಟ್ಟದ್ದು, ಹುಟ್ಟಿದ ದಿನವೂ ಅವರೇ ಅಂದಾಜು ಮಾಡಿದ್ದು. ಎಳೆಯುವುದಕ್ಕೆ ನನ್ನಲ್ಲಿ ಎಳೆಯೇ ಇಲ್ಲ. ರೈಲು ಕೂಡ ಇಲ್ಲ.

ಆಕೆ ಅಯ್ಯೋ ಪಾಪ ಎನ್ನಲಿಲ್ಲ. ಪಶ್ಚಿಮಕ್ಕೆ ಒಮ್ಮೆ ನೋಡಿ, "ಹೊತ್ತ ಮುಣಗಾಕತ್ತೈತಿ, ಲಗೂ ಉಣ್ರಿ" ಎಂದಳು.

ಪಡಸಾಲೆಯ ಗುಂಪು ಮತ್ತೆ ಕೂಡತೊಡಗಿತು. ರಿಜಿಸ್ಟರನ್ನು ನಾನು ಬಿಡಲಿಲ್ಲ, ಆಫ್ ಕೋರ್ಸ್. ಆದರೆ ಅದನ್ನು ಪಡಸಾಲೆಗೇ ಒಯ್ದು ಅಲ್ಲಿ ಕೇಳಿದ್ದನ್ನು ಬರೆಯತೊಡಗಿದೆ. ಸುಳ್ಳು ಮುಳ್ಳಿನ ಸ್ಟರಿಲೈಸರ್, ಗದ್ದದ ಮೇಲಿನ ಕೈ, ಎಲ್ಲ ಅದರೊಳಗೆ ಬಂತು. ಎಣ್ಣೆಯ ಕಲೆಯೂ ಬಂತು. ನಾನು ಬಂದರೆ ಮಾತು ನಿಲ್ಲುತ್ತಿರಲಿಲ್ಲ, ಸರಿದು ಜಾಗ ಕೊಡುತ್ತಿದ್ದರು. ಎಲ್ಲ ಬದಲಾಯಿತು, ಒಂದನ್ನು ಬಿಟ್ಟು. ನನಗೆ ಮಾತ್ರ ಆಕೆ ಸಂಬಂಧ ಹಚ್ಚಲಿಲ್ಲ. ನಾನು ಆಕೆಯನ್ನು ಹೆಸರು ಹಿಡಿದು ಕರೆಯುತ್ತಲೇ ಇದ್ದೆ, ಆಕೆ ಮ್ಯಾಡಮ್ ಅನ್ನುತ್ತಲೇ ಇದ್ದಳು. ಬಾಯಿಬಿಟ್ಟು ಕೇಳಲು ನನಗೆ ಮಾನ ಅಡ್ಡ ಬರುತ್ತಿತ್ತು.

ಒಮ್ಮೆ ಮಾತ್ರ ಅವಕಾಶ ಸಿಕ್ಕಿತು. ಎಕ್ಸ್‌ರೇ ಹುಡುಗನೂ ಲ್ಯಾಬಿನ ಹುಡುಗಿಯೂ ಪ್ರೀತಿಸಿಕೊಂಡರು. ಎರಡೂ ಮನೆಯವರು ಒಪ್ಪಿದ್ದರು. ಆದರೂ ಇಬ್ಬರೂ ನಡುಗುತ್ತ ಪಡಸಾಲೆಗೆ ಬಂದರು. ಯಾಕೆಂದರೆ ಈಕೆಯ ವಂಶಾವಳಿಯಲ್ಲಿ ಇಬ್ಬರೂ ಡ್ರೈವರ್ ಅಣ್ಣನ ಮಕ್ಕಳು, ಅಂದರೆ ಅಣ್ಣ ತಂಗಿ!

"ಮನ್ಯಾಗ ಏನೂ ತಕರಾರ ಇಲ್ರಿ ಅತ್ತಿ. ನೀವ ಒಪ್ಪಬೇಕು" ಎಂದಳು ಹುಡುಗಿ.

ಮೂರು ದಿನ ಆಕೆಗೆ ಭಕ್ಕರಿ ಸೇರಲಿಲ್ಲ. "ತಂಗೀನ ಹೆಂಗ ಕೊಡೂದ್ರಿ?" ಎಂದು ನನ್ನ ಮುಂದೆ ಕಣ್ಣು ಒರೆಸಿಕೊಂಡಳು. ಇವೆಲ್ಲ ನೀವೇ ಕಟ್ಟಿದ್ದಲ್ಲವೇ ಎಂದು ನಾನು ಹೇಳಲಿಲ್ಲ, ಬುದ್ಧಿ ಬಂದಿತ್ತು. ನಾಲ್ಕನೇ ದಿನ ದಾರಿ ಹೊಳೆಯಿತು. ಹುಡುಗನನ್ನು ನಿಪ್ಪಾಣಿಯ ಕಂಪೌಂಡರನಿಗೆ ದತ್ತಕ ಕೊಟ್ಟಳು. ಪಡಸಾಲೆಯಲ್ಲಿ ಪೇಡೆ ಹಂಚಿ, ಡ್ರೈವರ್ ಅಣ್ಣನ ಕೈಯಿಂದ ಹುಡುಗನ ಕೈ ಬಿಡಿಸಿ ಕಂಪೌಂಡರನ ಕೈಯಲ್ಲಿಟ್ಟಳು. ಕಂಪೌಂಡರ್ ಬಾಯಲ್ಲಿ ಪೇಡೆ ಇಟ್ಟುಕೊಂಡೇ, "ಮಲಾ ಕೋಣೀ ವಿಚಾರಲಂ?" ಎಂದ ಮರಾಠಿಯಲ್ಲಿ. ಹೌದು, ಅವನನ್ನು ಯಾರೂ ಕೇಳಿರಲಿಲ್ಲ.

ಆ ಗದ್ದಲದಲ್ಲಿ ನಾನು ಬಹಳ ಕ್ಯಾಶುಯಲ್ ಆಗಿ, "ಹೇಗೂ ಎಲ್ಲ ಅದಲು ಬದಲು ಮಾಡುತ್ತಿದ್ದೀರಿ. ನನಗೂ ಎಲ್ಲಾದರೂ ಒಂದು ಮೂಲೆ?" ಎಂದೆ.

"ನಿಮ್ಮದ ಅವಸರ ಬ್ಯಾಡ್ರಿ ಮ್ಯಾಡಮ್" ಎಂದು ನನಗೊಂದು ಪೇಡೆ ಕೊಟ್ಟಳು. ಸಣ್ಣದು.

ವರ್ಷಗಳು ಕಳೆದವು. ನಾನು ನಿವೃತ್ತಳಾದೆ. ಬೀಳ್ಕೊಡುಗೆಯ ದಿನ ಏನಾದರೂ ಕರೆದಾಳೆಂದು ಕಾದೆ. ಕರೆಯಲಿಲ್ಲ. ಆಕೆಯೂ ನಿವೃತ್ತಳಾದಳು. ಆಮೇಲೆ ಒಂದು ದಿನ ಮಗನ ಮದುವೆಯ ಪತ್ರಿಕೆ ಬಂತು, ಕಾಗವಾಡದ ಮಂಗಲ ಕಾರ್ಯಾಲಯದಲ್ಲಿ. ಮೇಲೆ "ಮ್ಯಾಡಮ್" ಎಂದೇ ಬರೆಸಿದ್ದಳು. ನಾನು ಕಾನ್ವೆಂಟ್ ಪದ್ಧತಿಯಂತೆ ಒಂದು ಗೋಡೆ ಗಡಿಯಾರ ಕೊಂಡು, ಮಿಂಚುವ ಕಾಗದ ಸುತ್ತಿ, ರಿಬ್ಬನ್ ಕಟ್ಟಿ ಒಯ್ದೆ. ಮೂರನೇ ಸಾಲಿನಲ್ಲಿ, ಫ್ಯಾನಿನ ಕೆಳಗೆ ಕೂತೆ.

ಆಯೇರ ಶುರುವಾಯಿತು. ನಮ್ಮ ಕಡೆ ಮಕ್ಕಳ ಮದುವೆಯಲ್ಲಿ ತಾಯಿಗೆ ಮೊದಲ ಉಡುಗೊರೆ ಆಕೆಯ ತವರಿನಿಂದ ಬರಬೇಕು. ತವರಿನವರು ಬಂದು ಸೀರೆ ಕೊಟ್ಟ ಮೇಲೆಯೇ ಉಳಿದವರ ಸರದಿ. ಆಕೆ ಮಣೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಪಕ್ಕದ ಮಣೆ ಖಾಲಿ ಇತ್ತು. ತಾಯಿ ತಂದೆ ಎಂದೋ ಹೋಗಿದ್ದರು. ಇದ್ದೊಬ್ಬ ಅಣ್ಣ ಎರಡು ವರ್ಷದ ಹಿಂದೆ ತೀರಿಕೊಂಡು, ಹೊಳೆಯಾಚೆಯ ತವರು ಮನೆಗೆ ಬೀಗ ಬಿದ್ದಿತ್ತು. ಹಿರಿಯ ಹೆಂಗಸೊಬ್ಬಳು ಮೆಲ್ಲಗೆ ಅಂದಳು, "ಆಕಿಗೆ ತವರ ಎಲ್ಲಿ ಉಳದೈತಿ? ಬಿಡ್ರಿ, ಮುಂದಿಂದ ನಡೀಲಿ."

"ಯಾಕ ಬಿಡಬೇಕು?" ಆಕೆ ತಲೆ ಎತ್ತಿದಳು. "ನನ್ನ ತವರ ಬಂದೈತಿ. ಮೂರನೇ ಸಾಲಿನ್ಯಾಗ ಕುಂತೈತಿ, ಚಾಳೀಸ ಹಾಕ್ಕೊಂಡ."

ಇಡೀ ಮಂಟಪ ತಿರುಗಿ ನನ್ನ ಕನ್ನಡಕವನ್ನು ನೋಡಿತು. ಮಂಗಸೂಳಿಯ ಹುಡುಗಿ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿ ಕರೆದೊಯ್ದಳು. ಈಗ ಅವಳೇ ಹೆರಿಗೆ ವಾರ್ಡಿನ ಹಿರಿಯಳು. ಖಾಲಿ ಮಣೆಯ ಹತ್ತಿರ ಬಗ್ಗಿ ಕಿವಿಯಲ್ಲಿ ಕೇಳಿದೆ, "ನಾನು ಹೇಗೆ? ಯಾವ ಲೆಕ್ಕದಲ್ಲಿ?"

"ಅತ್ತಿ, ಕಾಕು, ವೈನಿ ಅನಾಕ ಊರ ತುಂಬ ಮಂದಿ ಅದಾರ್ರಿ. ಹೆಸರ ಹಿಡದ ಕರಿಯಾಕಿ ನೀವೊಬ್ರ ಉಳದೀರಿ. ಅದು ತವರಿನವ್ರ ಹಕ್ಕ. ಮೊದಲನೇ ದಿನಾನ ಆಗಿತ್ತು ಸಂಬಂಧ, ನಿಮಗ ತಿಳೀಲಿಲ್ಲ ಅಷ್ಟ." ಮಣೆಯನ್ನು ಅಂಗೈಯಿಂದ ಒರೆಸಿದಳು. "ಜಾಗಾ ಖಾಲಿ ಇಡತೀನಿ ಅಂದಿದ್ನಿಲ್ಲೋ? ಕುಂಡ್ರ್ರಿ. ಈಗ ಹೆಸರ ಹಿಡದ ಕರದ ಕೊಡ್ರಿ."

ಅರವತ್ತು ದಾಟಿದ ನಾನು, ಯಾರ ಪೈಕಿಯೂ ಅಲ್ಲದವಳು, ಒಂದು ಹೆಣ್ಣಿನ ತವರಾಗಿ ಮಣೆಯ ಮೇಲೆ ಕೂತೆ. ಕೈಯಲ್ಲಿ ಸೀರೆಯಿಲ್ಲ, ಗಡಿಯಾರ. ಕಾರಿಡಾರಿನಲ್ಲಿ ಎಷ್ಟು ಸಲ ಕರೆದ ಹೆಸರು ಅದು! ಆ ದಿನ ಎರಡು ಸಲ ಗಡಿಯಾರದ ರಿಬ್ಬನ್ ಸರಿಮಾಡಿದೆ. ಮೂರನೇ ಸಲಕ್ಕೆ ಹೆಸರು ಹೊರಬಂತು. ಆಕೆ "ಹ್ಞೂಂ" ಎಂದು ಸೆರಗು ಒಡ್ಡಿದಳು.

ಆ ಗಡಿಯಾರ ಶೇಡಬಾಳದ ಅವರ ಪಡಸಾಲೆಯಲ್ಲಿ ಈಗಲೂ ಇದೆ. ಅದನ್ನು ಆಕೆ ನೋಡುವುದಿಲ್ಲ, ಇಂದಿಗೂ ಸೂರ್ಯನನ್ನು ನೋಡಿಯೇ ಉಣ್ಣುತ್ತಾಳೆ. ಬಂದವರಿಗೆ ಮಾತ್ರ ತೋರಿಸಿ, "ನಮ್ಮ ತವರಿಂದು" ಎನ್ನುತ್ತಾಳಂತೆ.

ಹೆಸರು ಯಾಕೆ ಬರೆಯಲಿಲ್ಲ ಎಂದು ಈಗ ತಿಳಿಯಿತಲ್ಲ? ಬರೆದುಬಿಟ್ಟರೆ ನೀವೆಲ್ಲ ಆಕೆಯನ್ನು ಹೆಸರು ಹಿಡಿದು ಕರೆಯುತ್ತೀರಿ. ಆಮೇಲೆ ನನ್ನ ಮಣೆ ನನಗೆ ಉಳಿಯಬೇಕಲ್ಲ.